ಕಪ್ಪಿಂಗ್ ಚಿಕಿತ್ಸೆ: ಸುರಕ್ಷತಾ ಕ್ರಮಗಳು ಮತ್ತು ಗ್ರಾಮ ಪಂಚಾಯಿತಿ ಸದಸ್ಯರ ಹೊಣೆ

ಬೆನ್ನುನೋವು, ಕುತ್ತಿಗೆ ನೋವು, ಭುಜದ ಬಿಗಿತ ಮೊದಲಾದ ಬಾಧೆಗಳಿಗೆ ಪರಿಹಾರವೆಂದು ಹೇಳಲಾಗುವ ಕಪ್ಪಿಂಗ್ ಚಿಕಿತ್ಸೆಯು ಚೀನೀ ಸಾಂಪ್ರದಾಯಿಕ ವೈದ್ಯಪದ್ಧತಿಯ ಒಂದು ಅಂಗ. ಅಕ್ಯುಪಂಕ್ಚರ್‌ನೊಂದಿಗೆ ಭಾರತಕ್ಕೂ ಬಂದಿರುವ ಈ ವಿಧಾನವನ್ನು ನಗರದ ಚಿಕಿತ್ಸಾಲಯಗಳಲ್ಲಿ ಮಾತ್ರವಲ್ಲದೆ ಒಂದೆರಡು ದಿನಗಳ ಶಿಬಿರಗಳಲ್ಲಿಯೂ ನೀಡಲಾಗುತ್ತದೆ. ಇಂತಹ ಶಿಬಿರಕ್ಕಾಗಿ ಸಮುದಾಯ ಭವನವನ್ನು ಕೋರಿ ಗ್ರಾಮ ಪಂಚಾಯಿತಿಗೆ ಅರ್ಜಿ ಬಂದಾಗ ಅದು ಕೇವಲ ಸ್ಥಳಾವಕಾಶದ ವಿಷಯವೆಂದು ತೋರಬಹುದು. ಆದರೆ ಈ ಚಿಕಿತ್ಸೆಯಲ್ಲಿ ಬೆಂಕಿ ಇದೆ, ಚರ್ಮವನ್ನು ಎಳೆಯುವ ಒತ್ತಡವಿದೆ, ಕೆಲವೊಮ್ಮೆ ರಕ್ತವೂ ಇದೆ. ಪಂಚಾಯಿತಿ ಕಟ್ಟಡದಲ್ಲಿ ನಡೆಯುವ ಶಿಬಿರವನ್ನು ಪಂಚಾಯಿತಿಯೇ ಒಪ್ಪಿದ ಚಿಕಿತ್ಸೆ ಎಂದು ಗ್ರಾಮಸ್ಥರು ನಂಬುವುದು ಸಹಜ. ಆದ್ದರಿಂದ ಅನುಮತಿ ನೀಡುವ ಮೊದಲು ಏನನ್ನು ಕೇಳಬೇಕು, ಏನನ್ನು ನೋಡಬೇಕು ಎಂಬುದನ್ನು ಸದಸ್ಯರು ತಿಳಿದಿರುವುದು ಅವಶ್ಯಕ.

ಚಿಕಿತ್ಸೆಯ ಹಿನ್ನೆಲೆ

ಚೀನೀ ಭಾಷೆಯಲ್ಲಿ ಈ ವಿಧಾನಕ್ಕೆ ‘ಬಾ ಗುವಾನ್’ ಎಂದು ಹೆಸರು. ಬಟ್ಟಲನ್ನಿಟ್ಟು ಎಳೆಯುವುದು ಎಂಬುದು ಅದರ ಭಾವ. ಹುನಾನ್ ಪ್ರಾಂತ್ಯದ ಮಾವಾಂಗ್‌ದುಯಿ ಎಂಬಲ್ಲಿ ಕ್ರಿ.ಪೂ. 168ರಲ್ಲಿ ಮುಚ್ಚಲ್ಪಟ್ಟಿದ್ದ ಸಮಾಧಿಯೊಂದನ್ನು 1973ರಲ್ಲಿ ಉತ್ಖನನ ಮಾಡಿದಾಗ ದೊರೆತ ವೈದ್ಯಗ್ರಂಥದಲ್ಲಿ, ಪ್ರಾಣಿಯ ಕೊಂಬನ್ನು ಮೈಮೇಲಿಟ್ಟು ಹೀರುವ ಕ್ರಮದ ಉಲ್ಲೇಖವಿದೆ. ಕ್ರಿ.ಶ. 4ನೆಯ ಶತಮಾನದಲ್ಲಿದ್ದ ಗೆ ಹೋಂಗ್ ಎಂಬ ವಿದ್ವಾಂಸನು ತನ್ನ ವೈದ್ಯಗ್ರಂಥದಲ್ಲಿ, ಕೆಲವು ಬಗೆಯ ಬಾವು ಮತ್ತು ಗಂಟುಗಳ ಮೇಲೆ ಸೂಜಿಯನ್ನಾಗಲಿ ಕೊಂಬನ್ನಾಗಲಿ ಪ್ರಯೋಗಿಸಬಾರದು, ಪ್ರಯೋಗಿಸಿದರೆ ಕೇಡು ತಪ್ಪದು ಎಂದು ಎಚ್ಚರಿಸಿದ್ದಾನೆ. ಯಾರಿಗೆ ಮಾಡಬಾರದು ಎಂಬ ವಿಚಾರವು ಈ ಚಿಕಿತ್ಸೆಯಷ್ಟೇ ಹಳೆಯದೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಕೊಂಬಿನ ಸ್ಥಾನದಲ್ಲಿ ಕ್ರಮೇಣ ಬಿದಿರು, ಮಣ್ಣು ಮತ್ತು ಗಾಜಿನ ಬಟ್ಟಲುಗಳು ಬಂದವು. ಇಂದಿನ ಚೀನಾದಲ್ಲಿ ಆಸ್ಪತ್ರೆಗಳ ಸಾಂಪ್ರದಾಯಿಕ ವೈದ್ಯ ವಿಭಾಗಗಳಲ್ಲಿ ಈ ಚಿಕಿತ್ಸೆ ಬಳಕೆಯಲ್ಲಿದ್ದು, ಇದನ್ನು ನಡೆಸುವ ಕ್ರಮದ ಬಗ್ಗೆ 2008ರಲ್ಲಿ ಆ ದೇಶವು ರಾಷ್ಟ್ರೀಯ ಮಾನಕವೊಂದನ್ನು ಪ್ರಕಟಿಸಿದೆ.

ಭಾರತಕ್ಕೂ ಈ ತತ್ತ್ವ ಹೊಸದಲ್ಲ. ಸುಶ್ರುತ ಸಂಹಿತೆಯಲ್ಲಿ ಕೊಂಬು ಮತ್ತು ಸೋರೆಬುರುಡೆಯಿಂದ ರಕ್ತ ತೆಗೆಯುವ ಕ್ರಮವಿದೆ. ಯುನಾನಿ ಪದ್ಧತಿಯಲ್ಲಿ ‘ಹಿಜಾಮಾ’ ಎಂಬ ಹೆಸರಿನಲ್ಲಿ ಇದು ರೂಢಿಯಲ್ಲಿದೆ. ಪದ್ಧತಿ ಯಾವುದೇ ಆಗಿರಲಿ, ಬಟ್ಟಲು ಚರ್ಮವನ್ನು ಎಳೆಯುವ ರೀತಿ ಒಂದೇ ಆದ್ದರಿಂದ ಮುಂದೆ ವಿವರಿಸಿರುವ ಎಚ್ಚರಿಕೆಗಳು ಎಲ್ಲಕ್ಕೂ ಅನ್ವಯಿಸುತ್ತವೆ.

ಬಟ್ಟಲು ಕೆಲಸ ಮಾಡುವ ಬಗೆ

ಉರಿಯುವ ಹತ್ತಿಯನ್ನು ಗಾಜಿನ ಬಟ್ಟಲಿನೊಳಗೆ ಕ್ಷಣಕಾಲ ತೋರಿಸಿ ತೆಗೆದಾಗ ಒಳಗಿನ ಗಾಳಿ ಕಾದು ಹಿಗ್ಗುತ್ತದೆ. ತಕ್ಷಣ ಬಟ್ಟಲನ್ನು ಮೈಮೇಲೆ ಬೋರಲಿಟ್ಟರೆ, ಗಾಳಿ ತಣಿದು ಕುಗ್ಗಿ ಒಳಗಿನ ಒತ್ತಡ ಇಳಿಯುತ್ತದೆ. ಆಗ ಚರ್ಮ ಮತ್ತು ಅದರ ಕೆಳಗಿನ ಮೃದುಭಾಗ ಬಟ್ಟಲಿನೊಳಕ್ಕೆ ಉಬ್ಬಿಕೊಳ್ಳುತ್ತದೆ. ಪ್ಲಾಸ್ಟಿಕ್ ಬಟ್ಟಲುಗಳಲ್ಲಿ ಬೆಂಕಿಯ ಬದಲು ಕೈಪಂಪಿನಿಂದ ಗಾಳಿಯನ್ನು ಹೊರಗೆಳೆಯಲಾಗುತ್ತದೆ.

ಹೀಗೆ ಎಳೆದಾಗ ಚರ್ಮದಡಿಯ ಸೂಕ್ಷ್ಮ ರಕ್ತನಾಳಗಳು ಒಡೆದು ರಕ್ತವು ಅಲ್ಲಿಯೇ ಹರಡುತ್ತದೆ. ಬಟ್ಟಲು ತೆಗೆದ ಬಳಿಕ ಕಾಣುವ ದುಂಡನೆಯ ಕೆಂಪು ಅಥವಾ ನೇರಳೆ ಗುರುತು ಇದೇ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಈಜುಗಾರ ಮೈಕೆಲ್ ಫೆಲ್ಪ್ಸ್ ಅವರ ಭುಜದ ಮೇಲೆ ಜಗತ್ತೆಲ್ಲ ಕಂಡದ್ದು ಇಂಥವೇ ಗುರುತುಗಳನ್ನು. ಇವು ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ಮಾಸುತ್ತವೆ. ಗುರುತು ಕಪ್ಪಾದಷ್ಟೂ ದೇಹದಲ್ಲಿ ಹೆಚ್ಚು ವಿಷವಿತ್ತು ಎಂಬ ಮಾತಿಗೆ ಆಧಾರವಿಲ್ಲ. ಬಟ್ಟಲಿನ ಎಳೆತ ಎಷ್ಟು ಬಲವಾಗಿತ್ತು, ಅದನ್ನು ಎಷ್ಟು ಹೊತ್ತು ಇಡಲಾಗಿತ್ತು ಎಂಬುದೂ ಬಣ್ಣವನ್ನು ನಿರ್ಧರಿಸುತ್ತದೆ. ಹಾಗೆಯೇ ಚರ್ಮವನ್ನು ಗೀರಿ ತೆಗೆದಾಗ ಬಟ್ಟಲಿನಲ್ಲಿ ಹೆಪ್ಪುಗಟ್ಟುವುದು ‘ಕೆಟ್ಟ ರಕ್ತ’ವಲ್ಲ. ದೇಹದಿಂದ ಹೊರಬಂದ ಯಾವ ರಕ್ತವೂ ಹೆಪ್ಪುಗಟ್ಟಿ ಕಪ್ಪಾಗುತ್ತದೆ.

ಕುತ್ತಿಗೆ ಮತ್ತು ಬೆನ್ನುನೋವಿನಲ್ಲಿ ಕೆಲವರಿಗೆ ತಾತ್ಕಾಲಿಕ ಉಪಶಮನ ದೊರೆತಿರುವುದನ್ನು ಅಧ್ಯಯನಗಳು ಗುರುತಿಸಿವೆ. ಆದರೆ ಅವುಗಳಲ್ಲಿ ಬಹುಪಾಲು ಸಣ್ಣ ಪ್ರಮಾಣದವು. ಮಧುಮೇಹ, ಅಧಿಕ ರಕ್ತದೊತ್ತಡ, ಕ್ಯಾನ್ಸರ್‌ಗಳನ್ನು ಈ ಚಿಕಿತ್ಸೆ ಗುಣಪಡಿಸುತ್ತದೆ ಎಂಬುದಕ್ಕೆ ಪುರಾವೆಯಿಲ್ಲ. ಇದನ್ನು ನಂಬಿ ನಿತ್ಯದ ಮಾತ್ರೆಗಳನ್ನು ನಿಲ್ಲಿಸುವುದು ಚಿಕಿತ್ಸೆಯ ಯಾವ ಗಾಯಕ್ಕಿಂತಲೂ ದೊಡ್ಡ ಅಪಾಯ.

ಅಪಾಯಗಳು ಉಂಟಾಗುವ ಸಂದರ್ಭಗಳು

*ಬೆಂಕಿ:* ಸುಟ್ಟಗಾಯಗಳು ಹೆಚ್ಚಾಗಿ ಸಣ್ಣ ಅಜಾಗರೂಕತೆಯಿಂದ ಆಗುತ್ತವೆ. ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯನ್ನು ಚೆನ್ನಾಗಿ ಹಿಂಡದಿದ್ದರೆ ಉರಿಯುವ ಹನಿ ಮೈಮೇಲೆ ಬೀಳುತ್ತದೆ. ಜ್ವಾಲೆಯನ್ನು ಬಟ್ಟಲಿನ ಬಾಯಂಚಿಗೆ ತಾಗಿಸಿದರೆ ಆ ಅಂಚೇ ಕಾದು ಚರ್ಮವನ್ನು ಸುಡುತ್ತದೆ. ಒಂದೇ ಬಟ್ಟಲನ್ನು ಮತ್ತೆ ಮತ್ತೆ ಕಾಯಿಸಿದರೂ ಇದೇ ಪರಿಣಾಮ. ಸ್ಪಿರಿಟ್‌ನಿಂದ ಒರೆಸಿದ ಚರ್ಮ ಅಥವಾ ಸ್ಯಾನಿಟೈಸರ್ ಹಚ್ಚಿದ ಕೈ ಒಣಗುವ ಮೊದಲೇ ಬೆಂಕಿ ಹತ್ತಿರ ಬಂದರೆ ಹೊತ್ತಿಕೊಳ್ಳಬಹುದು. ತಿರುಗುವ ಫ್ಯಾನಿನ ಗಾಳಿಗೆ ಜ್ವಾಲೆ ಬಾಗಿ ಕೂದಲನ್ನೋ ಸೀರೆಯ ಸೆರಗನ್ನೋ ಮುಟ್ಟಬಹುದು. ಜ್ವಾಲೆಯನ್ನು ಬಟ್ಟಲಿನ ಮಧ್ಯಭಾಗದಲ್ಲಿ ಒಂದೆರಡು ಕ್ಷಣ ಮಾತ್ರ ಹಿಡಿದು, ರೋಗಿಯ ಮೈಯಿಂದ ದೂರದಲ್ಲಿಯೇ ಆರಿಸುವುದು ಸರಿಯಾದ ಕ್ರಮ. ಬಿದಿರಿನ ಬಟ್ಟಲುಗಳನ್ನು ಕುದಿಯುವ ನೀರಿನಲ್ಲಿ ಕಾಯಿಸಿ ಇಡುವ ಪದ್ಧತಿಯೂ ಉಂಟು. ಅಲ್ಲಿ ನೀರನ್ನು ಪೂರ್ತಿ ಒರೆಸದಿದ್ದರೆ ಬಿಸಿನೀರಿನ ಬೊಬ್ಬೆ ಏಳುತ್ತದೆ. ಅನೇಕರು ಸೇರುವ ಶಿಬಿರದಲ್ಲಿ ಪಂಪಿನ ಬಟ್ಟಲುಗಳನ್ನು ಬಳಸಿದರೆ ಬೆಂಕಿಯ ಅಪಾಯವೇ ಇರುವುದಿಲ್ಲ.

*ಒತ್ತಡ ಮತ್ತು ಅವಧಿ:* ಬಟ್ಟಲನ್ನು ಸಾಮಾನ್ಯವಾಗಿ 5ರಿಂದ 10 ನಿಮಿಷ ಇಡಲಾಗುತ್ತದೆ. ಇದು 15 ನಿಮಿಷ ಮೀರಿದಂತೆ ನೀರುಗುಳ್ಳೆಗಳು ಏಳುವ ಸಂಭವ ಹೆಚ್ಚು. ಕಂದು ಮತ್ತು ಕಪ್ಪು ಮೈಬಣ್ಣದವರಲ್ಲಿ ಚರ್ಮ ಕೆಂಪಾಗುವುದು ಬೇಗ ಕಣ್ಣಿಗೆ ಬೀಳದು. ಆದುದರಿಂದ ಬಣ್ಣವನ್ನು ನಂಬದೆ ಗಡಿಯಾರವನ್ನು ನೋಡಬೇಕು. ಹಳೆಯ ಗುರುತು ಮಾಸುವ ಮುನ್ನ ಅದೇ ಜಾಗದಲ್ಲಿ ಮತ್ತೆ ಬಟ್ಟಲಿಡಬಾರದು. ಬಟ್ಟಲನ್ನು ಕಿತ್ತು ತೆಗೆಯಲೂಬಾರದು. ಅಂಚಿನ ಪಕ್ಕದ ಚರ್ಮವನ್ನು ಬೆರಳಿನಿಂದ ಒತ್ತಿ ಗಾಳಿ ಒಳಹೋಗುವಂತೆ ಮಾಡಿದರೆ ಅದು ತಾನಾಗಿ ಸಡಿಲವಾಗುತ್ತದೆ.

*ಸೂಜಿಯ ಮೇಲೆ ಬಟ್ಟಲು:* ಅಕ್ಯುಪಂಕ್ಚರ್ ಸೂಜಿ ಚುಚ್ಚಿದ ಜಾಗದ ಮೇಲೆಯೇ ಬಟ್ಟಲಿಡುವ ಕ್ರಮವೂ ಚೀನೀ ಪದ್ಧತಿಯಲ್ಲಿದೆ. ಎದೆ ಮತ್ತು ಮೇಲ್ಬೆನ್ನಿನಲ್ಲಿ ಇದು ಅತ್ಯಂತ ಅಪಾಯಕಾರಿ. ಬಟ್ಟಲು ಚರ್ಮವನ್ನು ಮೇಲೆಳೆದಂತೆ ಸೂಜಿ ಒಳಕ್ಕೆ ಇಳಿದು ಶ್ವಾಸಕೋಶದ ಹೊದಿಕೆಯನ್ನು ಚುಚ್ಚಬಹುದು. ಶಿಬಿರಗಳಲ್ಲಿ ಇದಕ್ಕೆ ಅವಕಾಶ ನೀಡದಿರುವುದು ಒಳಿತು.

*ರಕ್ತ:* ಚರ್ಮವನ್ನು ಗೀರಿ ಅಥವಾ ಲ್ಯಾನ್ಸೆಟ್‌ನಿಂದ ಚುಚ್ಚಿ ಬಟ್ಟಲಿಡುವುದನ್ನು ಒದ್ದೆ ಕಪ್ಪಿಂಗ್ ಎನ್ನಲಾಗುತ್ತದೆ. ಒಬ್ಬರ ರಕ್ತ ತಗುಲಿದ ಬಟ್ಟಲು ಅಥವಾ ಸೂಜಿ ಮತ್ತೊಬ್ಬರ ಗಾಯಕ್ಕೆ ತಾಗಿದರೆ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಮತ್ತು ಎಚ್‌ಐವಿ ಸೋಂಕು ಹರಡಬಹುದು. ಹೆಪಟೈಟಿಸ್ ಬಿ ವೈರಾಣು ದೇಹದ ಹೊರಗೆ ಕನಿಷ್ಠ 7 ದಿನ ಬದುಕಿರಬಲ್ಲದು. ಅಂದರೆ ಕಳೆದ ವಾರ ಬೇರೊಂದು ಊರಿನಲ್ಲಿ ಬಳಸಿ, ನೀರಿನಲ್ಲಿ ತೊಳೆದು ತಂದ ಬಟ್ಟಲೂ ನಿರಪಾಯಕಾರಿಯಲ್ಲ. ಈ ಅಪಾಯವು ಆ ದಿನ ಯಾರ ಕಣ್ಣಿಗೂ ಕಾಣುವುದಿಲ್ಲ. ಸುಟ್ಟಗಾಯ ಕೂಡಲೇ ತಿಳಿಯುತ್ತದೆ. ಯಕೃತ್ತಿನ ಸೋಂಕು ವರ್ಷಗಳ ಬಳಿಕ ತಿಳಿಯಬಹುದು.

ಈ ಚಿಕಿತ್ಸೆಗೆ ಒಳಗಾಗಬಾರದವರು

ಶಿಬಿರದಲ್ಲಿ ಬಟ್ಟಲು ಹಿಡಿಯುವ ಮೊದಲು ಪ್ರತಿಯೊಬ್ಬರನ್ನೂ ಪ್ರತ್ಯೇಕವಾಗಿ ವಿಚಾರಿಸಿ ಬರೆದಿಟ್ಟುಕೊಳ್ಳಬೇಕು. ಕೆಳಕಂಡವರು ವೈದ್ಯರ ಸಲಹೆಯಿಲ್ಲದೆ ಈ ಚಿಕಿತ್ಸೆ ಪಡೆಯತಕ್ಕದ್ದಲ್ಲ:

1. ರಕ್ತ ಹೆಪ್ಪುಗಟ್ಟುವಲ್ಲಿ ದೋಷವುಳ್ಳವರು. ಹೃದ್ರೋಗ ಅಥವಾ ಪಾರ್ಶ್ವವಾಯುವಿನ ನಂತರ ವಾರ್ಫರಿನ್, ಕ್ಲೋಪಿಡೋಗ್ರೆಲ್, ಆಸ್ಪಿರಿನ್ ಮುಂತಾದ ಮಾತ್ರೆಗಳನ್ನು ಸೇವಿಸುತ್ತಿರುವವರು.
2. ಗರ್ಭಿಣಿಯರು. ವಿಶೇಷವಾಗಿ ಹೊಟ್ಟೆ ಮತ್ತು ಸೊಂಟದ ಭಾಗದಲ್ಲಿ ಬಟ್ಟಲಿಡಲೇಬಾರದು.
3. ರಕ್ತಹೀನತೆ ಇರುವವರು. ಇವರಿಗೆ ಒದ್ದೆ ಕಪ್ಪಿಂಗ್ ಸರ್ವಥಾ ಸಲ್ಲದು.
4. ದೀರ್ಘಕಾಲದ ಮಧುಮೇಹದಿಂದ ಸ್ಪರ್ಶಜ್ಞಾನ ಕುಂದಿದವರು. ಇವರಿಗೆ ಸುಡುವುದು ತಿಳಿಯದು. ಗಾಯವೂ ಬೇಗ ಮಾಯದು.
5. ಹೃದಯ, ಮೂತ್ರಪಿಂಡ ಅಥವಾ ಯಕೃತ್ತಿನ ತೀವ್ರ ಕಾಯಿಲೆ ಇರುವವರು, ಪೇಸ್‌ಮೇಕರ್ ಅಳವಡಿಸಿಕೊಂಡವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು.
6. ಚಿಕ್ಕ ಮಕ್ಕಳು, ಚರ್ಮ ತೆಳುವಾದ ವಯೋವೃದ್ಧರು, ಬಹುಕಾಲ ಸ್ಟೆರಾಯ್ಡ್ ಸೇವಿಸಿದವರು.
7. ಉಪವಾಸವಿರುವವರು, ಜ್ವರದಿಂದ ಬಳಲುತ್ತಿರುವವರು, ಮದ್ಯ ಸೇವಿಸಿದವರು. ಇವರಲ್ಲಿ ತಲೆಸುತ್ತು ಬಂದು ಕುಸಿಯುವ ಸಂಭವವಿದೆ.

ಆರೋಗ್ಯವಂತರಲ್ಲಿಯೂ ಗಾಯ, ಹುಣ್ಣು, ಚರ್ಮರೋಗ, ಉಬ್ಬಿದ ರಕ್ತನಾಳ, ಮುರಿದ ಮೂಳೆ ಇರುವೆಡೆ, ಕತ್ತಿನ ಮುಂಭಾಗ ಮತ್ತು ನಾಡಿ ಮಿಡಿಯುವ ಸ್ಥಳಗಳಲ್ಲಿ ಬಟ್ಟಲಿಡಬಾರದು.

ಮೂರನೆಯ ಅಂಶವನ್ನು ಸದಸ್ಯರು ವಿಶೇಷವಾಗಿ ಗಮನಿಸಬೇಕು. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿ ರಕ್ತಹೀನತೆಯುಳ್ಳವರು. ಸುಸ್ತು, ಕೈಕಾಲು ಸೆಳೆತ, ಬೆನ್ನುನೋವು ಎಂದು ಶಿಬಿರಕ್ಕೆ ಬರುವ ಮಹಿಳೆಯ ಬಾಧೆಗೆ ರಕ್ತಹೀನತೆಯೇ ಕಾರಣವಾಗಿರಬಹುದು. ಅಂಥವರಿಂದ ಇನ್ನಷ್ಟು ರಕ್ತ ತೆಗೆಯುವುದು ರೋಗವನ್ನು ಹೆಚ್ಚಿಸಿದಂತೆ. ಹಿಮೋಗ್ಲೋಬಿನ್ ಪರೀಕ್ಷೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಲಭ್ಯವಿದ್ದು, ಮೊದಲು ಅದನ್ನು ಮಾಡಿಸಿಕೊಳ್ಳುವಂತೆ ಆಶಾ ಕಾರ್ಯಕರ್ತೆಯರ ಮೂಲಕ ತಿಳಿಸಬಹುದು.

ಶುಚಿತ್ವ: ಬಟ್ಟಲುಗಳ ಲೆಕ್ಕ

ಗೀರು ಹಾಕದ ಒಣ ಕಪ್ಪಿಂಗ್‌ನಲ್ಲಿಯೂ ಪ್ರತಿ ವ್ಯಕ್ತಿಯ ನಂತರ ಬಟ್ಟಲನ್ನು ಸಾಬೂನು ನೀರಿನಿಂದ ತೊಳೆದು, ಸೋಂಕುನಿವಾರಕ ದ್ರಾವಣದಲ್ಲಿ ನಿಗದಿತ ಅವಧಿಯವರೆಗೆ ಮುಳುಗಿಸಿಟ್ಟು, ಶುದ್ಧ ನೀರಿನಲ್ಲಿ ಜಾಲಾಡಿ ಒಣಗಿಸಬೇಕು. ರಕ್ತ ತಗುಲುವ ಬಟ್ಟಲುಗಳು ಒಂದೇ ಬಾರಿ ಬಳಸಿ ಬಿಡುವಂಥವಾಗಿರಬೇಕು. ಗಾಜಿನದಾದರೆ ಆಟೋಕ್ಲೇವ್ ಯಂತ್ರದಲ್ಲಿ ಕ್ರಿಮಿಶುದ್ಧಿ ಮಾಡಿದ್ದಾಗಿರಬೇಕು. ಬಿದಿರಿನ ಸೂಕ್ಷ್ಮ ರಂಧ್ರಗಳಲ್ಲಿ ರಕ್ತ ಉಳಿಯುವುದರಿಂದ ಒದ್ದೆ ಕಪ್ಪಿಂಗ್‌ಗೆ ಬಿದಿರು ತಕ್ಕದ್ದಲ್ಲ. ಲ್ಯಾನ್ಸೆಟ್ ಹೊಸದಾಗಿದ್ದು ರೋಗಿಯ ಎದುರಿನಲ್ಲಿಯೇ ಪೊಟ್ಟಣ ಒಡೆಯಬೇಕು. ಕೈಗವಸನ್ನು ಪ್ರತಿ ರೋಗಿಗೂ ಬದಲಿಸಬೇಕು.

ಈ ನಿಯಮಗಳು ಪಾಲನೆಯಾಗುವವೋ ಇಲ್ಲವೋ ಎಂಬುದನ್ನು ವೈದ್ಯಕೀಯ ಜ್ಞಾನವಿಲ್ಲದವರೂ ಒಂದು ಸರಳ ಲೆಕ್ಕದಿಂದ ಅರಿಯಬಹುದು. ಉದಾಹರಣೆಗೆ, ಸಂಘಟಕರ ಬಳಿ 24 ಬಟ್ಟಲುಗಳಿದ್ದು ಒಬ್ಬರಿಗೆ 6 ಬಟ್ಟಲು ಬೇಕೆಂದು ಭಾವಿಸಿದರೆ, ಒಂದು ಸುತ್ತಿನಲ್ಲಿ 4 ಮಂದಿಗೆ ಮಾತ್ರ ಚಿಕಿತ್ಸೆ ಸಾಧ್ಯ. ಬಟ್ಟಲು ಇಟ್ಟು ತೆಗೆಯಲು 20 ನಿಮಿಷ, ತೊಳೆದು ಸೋಂಕು ನಿವಾರಿಸಿ ಒಣಗಿಸಲು 40 ನಿಮಿಷ ಎಂದರೂ ಒಂದು ಸುತ್ತಿಗೆ 1 ಗಂಟೆ ಬೇಕು. 6 ಗಂಟೆಗಳ ಶಿಬಿರದಲ್ಲಿ 24 ಮಂದಿಗಿಂತ ಹೆಚ್ಚಿನವರಿಗೆ ಅವಕಾಶವಿಲ್ಲ. ಅಷ್ಟೇ ಬಟ್ಟಲುಗಳಲ್ಲಿ 100 ಮಂದಿಗೆ ಚಿಕಿತ್ಸೆ ನೀಡುವುದಾಗಿ ಅರ್ಜಿಯಲ್ಲಿದ್ದರೆ, ಒಬ್ಬರ ಬೆನ್ನಿನಿಂದ ತೆಗೆದ ಬಟ್ಟಲು ನೇರವಾಗಿ ಮತ್ತೊಬ್ಬರ ಬೆನ್ನಿಗೆ ಹೋಗುವುದು ಖಚಿತ. ಆದ್ದರಿಂದ ಬಟ್ಟಲುಗಳ ಸಂಖ್ಯೆ ಮತ್ತು ಫಲಾನುಭವಿಗಳ ಸಂಖ್ಯೆ ಎರಡನ್ನೂ ಅರ್ಜಿಯಲ್ಲಿಯೇ ಬರೆಸಿಕೊಳ್ಳುವುದು ಉಚಿತ.

ತ್ಯಾಜ್ಯದ ವಿಲೇವಾರಿ

ರಕ್ತ ತಗುಲಿದ ಹತ್ತಿ, ಬಟ್ಟೆ, ಸೂಜಿಗಳು ಮನೆಕಸವಲ್ಲ. ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು, 2016ರನ್ವಯ ರಕ್ತಸಿಕ್ತ ಹತ್ತಿಯನ್ನು ಹಳದಿ ಚೀಲದಲ್ಲಿ, ಸೋಂಕಿತ ಪ್ಲಾಸ್ಟಿಕ್ ವಸ್ತುಗಳನ್ನು ಕೆಂಪು ಚೀಲದಲ್ಲಿ, ಸೂಜಿ ಮತ್ತು ಬ್ಲೇಡುಗಳನ್ನು ಚುಚ್ಚಿದರೆ ತೂತಾಗದ ಬಿಳಿ ಪಾರದರ್ಶಕ ಡಬ್ಬಿಯಲ್ಲಿ ಹಾಗೂ ಗಾಜನ್ನು ನೀಲಿ ಪೆಟ್ಟಿಗೆಯಲ್ಲಿ ಹಾಕಿ ಅಧಿಕೃತ ಸಂಸ್ಕರಣಾ ಘಟಕಕ್ಕೆ ಒಪ್ಪಿಸಬೇಕು. ಇವು ಗ್ರಾಮದ ಕಸದ ವಾಹನಕ್ಕೆ ಬಿದ್ದರೆ, ಬರಿಗೈಯಲ್ಲಿ ಕಸ ವಿಂಗಡಿಸುವ ಮಹಿಳೆಯ ಬೆರಳಿಗೆ ಚುಚ್ಚುತ್ತವೆ. ಪಂಚಾಯಿತಿಯ ಸ್ವಚ್ಛತಾ ಸಿಬ್ಬಂದಿಯ ರಕ್ಷಣೆ ಪಂಚಾಯಿತಿಯದೇ ಹೊಣೆಯಾದ್ದರಿಂದ, ತ್ಯಾಜ್ಯವನ್ನು ಯಾರು ಕೊಂಡೊಯ್ಯುವರು ಎಂಬುದು ಶಿಬಿರದ ಮೊದಲೇ ಲಿಖಿತವಾಗಿ ತೀರ್ಮಾನವಾಗಿರಬೇಕು.

ಅವಘಡವಾದಲ್ಲಿ ಕೈಗೊಳ್ಳಬೇಕಾದ ಕ್ರಮ

ಸುಟ್ಟಗಾಯವಾದರೆ ಬಟ್ಟಲುಗಳನ್ನು ತೆಗೆದು, ಆ ಭಾಗವನ್ನು ತಣ್ಣನೆಯ ಹರಿಯುವ ನೀರಿನಡಿ 20 ನಿಮಿಷ ಹಿಡಿಯಬೇಕು. ಮಂಜುಗಡ್ಡೆ, ಟೂತ್‌ಪೇಸ್ಟ್, ಶಾಯಿ, ತುಪ್ಪ, ಅರಿಸಿನ ಯಾವುದನ್ನೂ ಹಚ್ಚಬಾರದು. ಗುಳ್ಳೆಯನ್ನು ಒಡೆಯದೆ ಶುಭ್ರ ಬಟ್ಟೆಯನ್ನು ಸಡಿಲವಾಗಿ ಮುಚ್ಚಿ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕು. ತಲೆಸುತ್ತಿ ಕುಸಿದವರನ್ನು ಅಂಗಾತ ಮಲಗಿಸಿ ಕಾಲುಗಳನ್ನು ಎತ್ತರಿಸಬೇಕು. ರಕ್ತ ನಿಲ್ಲದಿದ್ದರೆ ಶುಭ್ರ ಬಟ್ಟೆಯಿಂದ ಬಿಡದೆ 10 ನಿಮಿಷ ಒತ್ತಿ ಹಿಡಿಯಬೇಕು; ಆಗಲೂ ನಿಲ್ಲದಿದ್ದರೆ ಒತ್ತಿ ಹಿಡಿದಂತೆಯೇ ಆಸ್ಪತ್ರೆಗೆ ಸಾಗಿಸಬೇಕು. ಎದೆನೋವು ಅಥವಾ ಉಸಿರಾಟದ ತೊಂದರೆ ಕಂಡುಬಂದಲ್ಲಿ ತಡಮಾಡದೆ 108ಕ್ಕೆ ಕರೆ ಮಾಡಬೇಕು.

ಒಂದೇ ಸೂಜಿಯನ್ನು ಹಲವರಿಗೆ ಬಳಸಿರುವುದು ತಿಳಿದುಬಂದರೆ ಆ ವ್ಯಕ್ತಿಗಳು ಅದೇ ದಿನ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಹೋಗಬೇಕು. ಎಚ್‌ಐವಿ ತಡೆಯುವ ಔಷಧಿಯನ್ನು ಆದಷ್ಟು ಬೇಗ, ತಡವೆಂದರೂ 72 ಗಂಟೆಗಳೊಳಗೆ ಆರಂಭಿಸಬೇಕಾಗುತ್ತದೆ. ಸಂಕೋಚದಿಂದಲೋ ಊರಿನವರ ಮಾತಿಗೆ ಅಂಜಿಯೋ ಸುಮ್ಮನಿದ್ದರೆ ಆ ಅವಕಾಶ ಕೈತಪ್ಪುತ್ತದೆ.

ಗ್ರಾಮ ಪಂಚಾಯಿತಿಯ ಪಾತ್ರ

ಸಮುದಾಯ ಭವನವನ್ನು ನೀಡುವ ಅಧಿಕಾರ ಪಂಚಾಯಿತಿಗಿದೆ. ಚಿಕಿತ್ಸೆಗೆ ಅನುಮತಿ ನೀಡುವ ಅಧಿಕಾರ ಅದಕ್ಕಿಲ್ಲ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007ರ ಪ್ರಕಾರ ಖಾಸಗಿ ಚಿಕಿತ್ಸಾ ಸಂಸ್ಥೆಗಳು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರದಲ್ಲಿ ನೋಂದಣಿ ಹೊಂದಿರಬೇಕು. ಭವನದ ಬಾಡಿಗೆ ರಶೀದಿಯು ಈ ನೋಂದಣಿಗೆ ಬದಲಿಯಲ್ಲ. ಅರ್ಜಿ ಬಂದಾಗ ಸದಸ್ಯರು ಮತ್ತು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು ಕೆಳಕಂಡ ವಿಷಯಗಳನ್ನು ಖಚಿತಪಡಿಸಿಕೊಳ್ಳುವುದು ಸೂಕ್ತ:

1. ಚಿಕಿತ್ಸೆ ನೀಡುವವರ ಹೆಸರು, ವಿದ್ಯಾರ್ಹತೆ, ನೋಂದಣಿ ಸಂಖ್ಯೆ ಮತ್ತು ಸಂಸ್ಥೆಯ ನೋಂದಣಿ ಪತ್ರದ ಪ್ರತಿ. ಕೆಲವು ದಿನಗಳ ತರಬೇತಿಯ ಪ್ರಮಾಣಪತ್ರವನ್ನು ವೈದ್ಯಕೀಯ ನೋಂದಣಿಯೆಂದು ಪರಿಗಣಿಸಬಾರದು. ಸಂದೇಹವಿದ್ದಲ್ಲಿ ತಾಲ್ಲೂಕು ಆರೋಗ್ಯಾಧಿಕಾರಿ ಅಥವಾ ಜಿಲ್ಲಾ ಆಯುಷ್ ಅಧಿಕಾರಿಗಳ ಅಭಿಪ್ರಾಯ ಪಡೆಯಬೇಕು.
2. ಒಣ ಕಪ್ಪಿಂಗ್ ಮಾತ್ರವೇ ಅಥವಾ ರಕ್ತ ತೆಗೆಯುವುದೂ ಇದೆಯೇ. ಬೆಂಕಿ ಬಳಸುವರೇ ಅಥವಾ ಪಂಪೇ ಎಂಬ ಲಿಖಿತ ವಿವರ.
3. ಬಟ್ಟಲುಗಳ ಸಂಖ್ಯೆ, ಫಲಾನುಭವಿಗಳ ಸಂಖ್ಯೆ, ಕ್ರಿಮಿಶುದ್ಧಿಯ ವ್ಯವಸ್ಥೆ ಮತ್ತು ತ್ಯಾಜ್ಯ ವಿಲೇವಾರಿಯ ಒಪ್ಪಂದ.
4. ಸ್ಥಳದಲ್ಲಿ ಹರಿಯುವ ನೀರು, ಬೆಂಕಿ ನಂದಿಸುವ ಸಾಧನ, ಮಹಿಳೆಯರಿಗೆ ಪ್ರತ್ಯೇಕ ಕೊಠಡಿ ಮತ್ತು ಮಹಿಳಾ ಸಿಬ್ಬಂದಿ.
5. ಪ್ರತಿಯೊಬ್ಬರ ಒಪ್ಪಿಗೆ ಪತ್ರ ಕನ್ನಡದಲ್ಲಿರಬೇಕು. ಗುರುತು ಉಳಿಯುವುದು, ಗುಳ್ಳೆ ಏಳುವ ಸಾಧ್ಯತೆ ಮತ್ತು ನಿತ್ಯದ ಮಾತ್ರೆ ನಿಲ್ಲಿಸಬಾರದೆಂಬ ಸೂಚನೆ ಅದರಲ್ಲಿರಬೇಕು. ಓದಲು ಬಾರದವರಿಗೆ ಅದನ್ನು ಓದಿ ಹೇಳಬೇಕು.
6. ಶಿಬಿರದ ದಿನಾಂಕವನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳಿಗೆ ಮುಂಚಿತವಾಗಿ ತಿಳಿಸಿರಬೇಕು.

ಈ ವಿವರಗಳನ್ನು ಒದಗಿಸಲು ಸಂಘಟಕರು ಹಿಂಜರಿದರೆ ಅನುಮತಿಯನ್ನು ಮುಂದೂಡುವುದರಲ್ಲಿ ತಪ್ಪಿಲ್ಲ. ಕ್ರಮಬದ್ಧವಾಗಿ ಕೆಲಸ ಮಾಡುವ ಚಿಕಿತ್ಸಕರಿಗೆ ಇವುಗಳಲ್ಲಿ ಯಾವುದೂ ಹೊರೆಯಾಗಲಾರದು.

ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ಈ ವಿಷಯವನ್ನು ಚರ್ಚಿಸಿ, ಚಿಕಿತ್ಸೆಗೆ ಒಳಗಾಗಬಾರದವರ ಪಟ್ಟಿಯನ್ನು ಪಂಚಾಯಿತಿ ಸೂಚನಾ ಫಲಕದಲ್ಲಿ ಪ್ರಕಟಿಸಬಹುದು. ನೋವಿನಿಂದ ಬಳಲುವವರು ಉಪಶಮನವನ್ನು ಅರಸಿ ಬರುವುದು ಸಹಜ. ಅವರು ಯಾವ ಚಿಕಿತ್ಸೆಯನ್ನು ಆರಿಸಿಕೊಳ್ಳಬೇಕೆಂಬುದು ಅವರವರ ವಿವೇಚನೆಗೆ ಬಿಟ್ಟದ್ದು. ಆದರೆ ಪಂಚಾಯಿತಿಯ ಸೂರಿನಡಿ ಬಂದವರು ಬೆನ್ನುನೋವಿಗೆ ಮದ್ದು ಹುಡುಕಲು ಹೋಗಿ ಸುಟ್ಟಗಾಯವನ್ನಾಗಲಿ ಸೋಂಕನ್ನಾಗಲಿ ಹೊತ್ತು ಮನೆಗೆ ಮರಳದಂತೆ ನೋಡಿಕೊಳ್ಳುವುದು ಸದಸ್ಯರ ಕೈಯಲ್ಲಿದೆ. ಅದಕ್ಕೆ ಬೇಕಾದುದು ಅರ್ಜಿಯನ್ನು ಓದುವಾಗಿನ ಕೆಲವು ನಿಮಿಷಗಳ ಎಚ್ಚರ ಮತ್ತು ಕೇಳಲೇಬೇಕಾದ ಕೆಲವು ಪ್ರಶ್ನೆಗಳು.